ಸೈಡಿಂಗಿನಲ್ಲಿ ಖಾಲಿ ವ್ಯಾಗನ್‌ಗಳು

ಜನವರಿ 9

ತಮ್ಮಾ,

ಬೆಳಿಗ್ಗೆ ಬಾಗಿಲು ತೆಗೆದರೆ ಷೆಡ್ಡೇ ಕಾಣಲಿಲ್ಲ. ಮಂಜು ಕಟ್ಟೆಯವರೆಗೆ ಬಂದು ಕೂತಿತ್ತು. ತಂಡದವರು ಹತ್ತಿಯ ಮೂಟೆ ಹೊತ್ತುಕೊಂಡು ಆ ಬಿಳಿಯೊಳಗೆ ಹೋಗುತ್ತಿದ್ದರು, ಬರಿಗೈಯಲ್ಲಿ ಹೊರಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ನನಗೆ, ಆ ಕಡೆ ರೈಲೇ ಇಲ್ಲ, ಇವರು ಹತ್ತಿಯನ್ನೆಲ್ಲ ಮಂಜಿನೊಳಗೇ ತುಂಬುತ್ತಿದ್ದಾರೆ ಎನ್ನಿಸಿತು. ಅದರಿಂದ ಹೆದರಿಕೆಯೇನೂ ಆಗಲಿಲ್ಲ. ತುಂಬಲಿ ಅಂದುಕೊಂಡೆ.

ನಿನ್ನೆ ಒಂದು ಶಾಲೆಯ ಮಕ್ಕಳು ನನ್ನ ಷೆಡ್ಡು ನೋಡಲು ಬಂದಿದ್ದರು. ಗುಡ್ಡದಿಂದ ಬಂದ ಸರಕನ್ನು ಸಣ್ಣ ಹಳಿಯ ವ್ಯಾಗನ್ನಿನಿಂದ ಇಳಿಸಿ, ಕಟ್ಟೆ ದಾಟಿಸಿ, ಬಂದರಿಗೆ ಹೋಗುವ ಅಗಲ ಹಳಿಯ ವ್ಯಾಗನ್ನಿಗೆ ತುಂಬುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಎರಡು ಜಡೆಯ ಒಬ್ಬಳು ನಮ್ಮ ತಂಡದ ಮೇಸ್ತ್ರಿಯನ್ನು ಕೇಳಿದಳು: “ಒಂದೇ ರೈಲು ಪೂರ್ತಿ ಹೋಗಬಾರದಾ?”

ಮೇಸ್ತ್ರಿ ಬೆನ್ನ ಮೇಲಿನ ಮೂಟೆ ಇಳಿಸದೆಯೇ ಹೇಳಿದರು: “ಹಳಿ ಹಾಕಿದ ಇಬ್ಬರಿಗೂ ಮಾತು ಬಿಟ್ಟಿತ್ತಮ್ಮ. ಅವನ ಅಳತೆ ನನಗೆ ಬೇಡ ಅಂದ ಇವನು. ಅವರ ಜಗಳದಲ್ಲಿ ನಾವು ಊಟ ಮಾಡ್ತಿದೀವಿ.”

ಕಂಟ್ರೋಲಿನ ಫೋನಿನಲ್ಲಿ ನಿನ್ನ ದನಿ ದಿನವೂ ಕೇಳುತ್ತದೆ. “ಖಾಲಿ ಬರುತ್ತಿವೆ, ಬರೆದುಕೊಳ್ಳಿ.” “ಬರೆದುಕೊಂಡೆ ಸರ್,” ಅನ್ನುತ್ತೇನೆ ನಾನು. ದಾರಿಯ ಅಷ್ಟೂ ಸ್ಟೇಷನ್ನುಗಳ ಕಿವಿ ಆ ತಂತಿಗೆ ಅಂಟಿಕೊಂಡಿರುತ್ತದೆ, ನಿನಗೆ ಶೀತವಾದಂತಿದೆ, ಕಷಾಯ ಕುಡಿದೆಯಾ ಎಂದು ಕೇಳುವ ಹಾಗಿಲ್ಲ. ಅದಕ್ಕೇ ಗಾರ್ಡಿನ ಕೈಯಲ್ಲಿ ಈ ಕಾಗದ.

ಆ ಖಾಲಿಗಳು ಬರತೊಡಗಿವೆ. ಸಣ್ಣ ಹಳಿಯ ವ್ಯಾಗನ್‌ಗಳು, ಒಂದರ ಹಿಂದೊಂದು, ಗಾಡಿ ನಿಲ್ಲಿಸಿಡುವ ಪಕ್ಕದ ಹಳಿಯಲ್ಲಿ, ನಮ್ಮ ಉದ್ದದ ಸೈಡಿಂಗಿನಲ್ಲಿ, ನಿಂತಿವೆ. ಕಟಾವಿಗೆ ಮೊದಲು ಖಾಲಿಗಳು ಬಂದು ಕಾಯುವುದು ಪ್ರತಿ ವರ್ಷದ ರೂಢಿ. ಆದರೆ ಇಷ್ಟು ಬೇಗ, ಇಷ್ಟೊಂದು, ನಾನು ಕಂಡಿಲ್ಲ. ಗುಡ್ಡದ ಮೇಲೆ ಆಲೂಗಡ್ಡೆ ಚೆನ್ನಾಗಿ ಬಂದಿದೆಯಂತೆ. ನೀನು ಏನೂ ಹೇಳಬೇಡ, ನಾನೇ ಊಹಿಸಿಕೊಳ್ಳುತ್ತೇನೆ.

ನಿನ್ನ ಅಕ್ಕ


ಜನವರಿ 21

ಅಕ್ಕಾ,

ಶೀತ ಹೋಯಿತು. ಕಷಾಯ ಕುಡಿಯಲಿಲ್ಲ.

ನಮ್ಮ ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ ಎಂದು ಹೇಳಿದ್ದೆ. ಗೋಡೆಯ ತುಂಬ ಬೋರ್ಡು, ಬೋರ್ಡಿನ ತುಂಬ ದೀಪ. ಒಂದು ದೀಪ ಒಂದು ಗಾಡಿ. ಗಾಡಿಯೊಳಗೆ ಏನಿದೆಯೆಂದು ದೀಪಕ್ಕೆ ಗೊತ್ತಿರುವುದಿಲ್ಲ. ಉಪ್ಪು ಹೋಗುವುದೂ ಹೊಲಿಗೆ ಯಂತ್ರ ಹೋಗುವುದೂ ಒಂದೇ ಬಣ್ಣದಲ್ಲಿ. ಊಟದ ನಂತರ ಕಣ್ಣು ಸ್ವಲ್ಪ ಎಳೆದರೆ ದೀಪಗಳು ಹಳಿ ಬಿಟ್ಟು ನನ್ನ ಕಡೆಗೇ ಬರುತ್ತಿರುವ ಹಾಗೆ ಕಾಣುತ್ತದೆ. ನಾನು ಸರಿದು ದಾರಿ ಕೊಡುತ್ತೇನೆ. ಪಕ್ಕದ ಕುರ್ಚಿಯವನು, “ಯಾರಿಗೆ ಸ್ವಾಮಿ ಜಾಗ ಬಿಡ್ತಿದೀರಿ?” ಅನ್ನುತ್ತಾನೆ.

ಹೊಸ ಅಗಲ ಹಳಿ ಗುಡ್ಡದ ಬುಡ ಮುಟ್ಟಿದೆ. ಅಲ್ಲಿಂದ ಮೇಲಕ್ಕೂ ಹಾಸುತ್ತಿದ್ದಾರೆ. ಹೆದ್ದಾರಿ ಕೂಡುವಲ್ಲಿ ದೊಡ್ಡ ಕಂಟೇನರ್ ಡಿಪೋ ಎದ್ದಿದೆ. ಕ್ರೇನು ಡಬ್ಬಿಯನ್ನು ಲಾರಿಯಿಂದ ಎತ್ತಿ ರೈಲಿನ ಮೇಲಿಡುತ್ತದೆ. ಮೊದಲ ದಿನ ನೋಡಲು ನಮ್ಮನ್ನು ಕರೆದುಕೊಂಡು ಹೋಗಿದ್ದರು. ಸದ್ದೇ ಇಲ್ಲ ಅಕ್ಕ. ಮನೆಯಷ್ಟು ದೊಡ್ಡದೊಂದು ಡಬ್ಬಿ ಗಾಳಿಯಲ್ಲಿ ತೇಲಿ ಹೋಯಿತು.

ಖಾಲಿಗಳು ಇನ್ನೂ ಬರುತ್ತವೆ. ಸೈಡಿಂಗಿನಲ್ಲಿ ಜಾಗ ಮಾಡಿಸಿಡು. ನಿನಗೆ ಮುಖ್ಯ ಕಚೇರಿಯಿಂದ ಏನಾದರೂ ಕಾಗದ ಬಂತೆ? ಬಂದರೆ ಓದಿ ಪಕ್ಕಕ್ಕಿಡಬೇಡ, ಉತ್ತರ ಬರೆ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಗಾರ್ಡು ಬಾಗಿಲಲ್ಲಿ ನಿಂತಿದ್ದಾನೆ. ಮುಂದಿನ ಸಲ.

ತಮ್ಮ


ಫೆಬ್ರವರಿ 2

ತಮ್ಮಾ,

ಮುಖ್ಯ ಕಚೇರಿಯ ಕಾಗದ ಬಂದಿದೆ. ನನಗೆ ಅಲ್ಲೊಂದು ಮೇಜು ಕೊಡುತ್ತಾರಂತೆ, ಜೂನ್ ಮುಗಿಯುವುದರೊಳಗೆ ಒಪ್ಪಬೇಕಂತೆ. ಕಟಾವಿನ ಹೊತ್ತಿಗೆ ಷೆಡ್ಡಿನವಳನ್ನು ಎಬ್ಬಿಸಿ ಮೇಜಿನ ಮುಂದೆ ಕೂರಿಸುವ ಬುದ್ಧಿವಂತ ಯಾರೋ. ಹೆಸರು ತಪ್ಪಿ ಬಂದಿರಬೇಕು.

ಈಗ ನಿನಗೊಂದು ಸುದ್ದಿ. ಆಗುವವರೆಗೆ ಹೇಳಬಾರದೆಂದು ಇಟ್ಟುಕೊಂಡಿದ್ದೆ. ನೀನು ಹೇಳಿದ ಡಿಪೋದ ಕಾಂಟ್ರಾಕ್ಟರ್ ಕಳೆದ ವಾರ ಇಲ್ಲಿಗೆ ಬಂದಿದ್ದ. ಬಿಳಿ ಶೂ ಹಾಕಿಕೊಂಡು ಸಿಮೆಂಟಿನ ಧೂಳಿನಲ್ಲಿ ಬೆಕ್ಕಿನ ಹಾಗೆ ಕಾಲೆತ್ತಿ ಇಡುತ್ತಿದ್ದ. ನಮ್ಮ ತಂಡವನ್ನು ಇಡಿಯಾಗಿ ತೆಗೆದುಕೊಳ್ಳುತ್ತೇನೆ, ಎಲ್ಲರಿಗೂ ಕಾಯಂ ಕೆಲಸ, ಫೆಬ್ರವರಿ ಮುಗಿಯುವುದರೊಳಗೆ ಹೇಳಬೇಕು, ಇಲ್ಲವಾದರೆ ಬೇರೆ ತಂಡ ನೋಡಿಕೊಳ್ಳುತ್ತೇನೆ ಎಂದ.

ಮೇಸ್ತ್ರಿ ಅವನಿಗೆ ಉತ್ತರ ಕೊಡದೆ ನನ್ನ ಹತ್ತಿರ ಬಂದರು. “ಅಕ್ಕಾವ್ರೇ, ನೀವು ಹೇಳಿ. ಹೋಗೋದೋ, ಇರೋದೋ?”

ನಾನು ಅವರನ್ನು ಸೈಡಿಂಗಿಗೆ ಕರೆದುಕೊಂಡು ಹೋದೆ. ನಾವು ಏಣಿ ಎಂದು ಕರೆಯುವ ಉದ್ದನೆಯವನೂ ಬಂದ. ಹೋದ ತಿಂಗಳು ಅವನ ಹೆಂಡತಿ ಹೆತ್ತಿದ್ದಾಳೆ; ಎಲ್ಲ ಮಾತಿಗೂ ಈಗ ಅವನಿಗೆ ಕಿವಿ ಉದ್ದ. ಖಾಲಿ ವ್ಯಾಗನ್‌ಗಳ ಪಕ್ಕದಲ್ಲೇ ನಡೆದೆವು. ಸಾಲು ಮುಗಿಯಲೇ ಇಲ್ಲ. ಬಾಗಿಲು ತೆರೆದವುಗಳ ಆಚೆ ಹೊಲ ಕಾಣುತ್ತಿತ್ತು, ಮತ್ತೆ ಮರ, ಮತ್ತೆ ಹೊಲ, ಒಂದೊಂದು ವ್ಯಾಗನ್ನೂ ಒಂದೊಂದು ಊರನ್ನು ಹೊತ್ತುಕೊಂಡ ಹಾಗೆ. ನಾನು ಕೇಳಿದೆ, “ಹೊರೆ ಬರದೇ ಇದ್ದರೆ ಇಷ್ಟು ಖಾಲಿ ಯಾಕೆ ಕಳಿಸ್ತಾರೆ?”

ಮೇಸ್ತ್ರಿ ಒಂದು ವ್ಯಾಗನ್ನಿನ ಮೈ ತಟ್ಟಿದರು. “ನಿಮ್ಮ ತಮ್ಮನವರೇ ಅಲ್ವಾ ಕಳಿಸ್ತಿರೋದು?”

“ಅವನೇ.”

“ಹಂಗಾದ್ರೆ ಮುಗೀತು.”

ಬಿಳಿ ಶೂನವನು ವಾಪಸು ಹೋದ. ಹೋಗುವಾಗ, “ಯೋಚನೆ ಮಾಡಿ” ಅಂದ. ಏಣಿ, “ಮೊದಲು ನಿಮ್ಮ ಶೂ ಒರೆಸ್ಕೊಳ್ಳಿ” ಅಂದ. ಎಲ್ಲರೂ ನಕ್ಕೆವು. ಆ ರಾತ್ರಿಯಂಥ ನಿದ್ದೆ ನನಗೆ ಬಹಳ ದಿನದಿಂದ ಬಂದಿರಲಿಲ್ಲ.

ಅಕ್ಕ


ಮಾರ್ಚ್ 4

ಅಕ್ಕಾ,

ತಡವಾಯಿತು. ಜ್ವರವಿತ್ತು. ಹಾಗೆಂದರೆ ಎರಡು ದಿನ ಇತ್ತು, ಉಳಿದ ದಿನಗಳಿಗೆ ಕಾರಣವಿಲ್ಲ.

ಆ ಕಾಂಟ್ರಾಕ್ಟರ್ ಮತ್ತೆ ಬಂದರೆ ಹಾಗೆಯೇ ಕಳಿಸಬೇಡ. ಅಥವಾ ನೀನೇ ಅವನಿಗೆ ಹೇಳಿಕಳಿಸಬಹುದು. ತಂಡದವರಲ್ಲಿ ಕೆಲವರಾದರೂ ಹೋಗಿ ನೋಡಿಬರಲಿ, ನೋಡುವುದಕ್ಕೇನು. ಮುಖ್ಯ ಕಚೇರಿಯ ಮೇಜು ತಪ್ಪಿ ಬಂದದ್ದಲ್ಲ.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಫೋನಿನಲ್ಲಿ ನೀನು “ಬರೆದುಕೊಂಡೆ ಸರ್” ಅನ್ನುವಾಗ ದನಿಯಲ್ಲಿ ನಗು ಇರುತ್ತದೆ. ನನಗೆ ಆಮೇಲಿನ ಗಾಡಿಯ ನಂಬರು ತಪ್ಪುತ್ತದೆ. ನಿನ್ನೆ ಒಂದು ಉಪ್ಪಿನ ಗಾಡಿಯನ್ನು ತಪ್ಪು ಲೈನಿಗೆ ಬಿಟ್ಟೆ. ಅದು ಎಲ್ಲೋ ಬಯಲಿನಲ್ಲಿ ಮಧ್ಯಾಹ್ನವೆಲ್ಲ ನಿಂತಿತ್ತು. ಹಿಂದಕ್ಕೆ ಕರೆಸಲು ಮನಸ್ಸಾಗಲಿಲ್ಲ. ಬಿಸಿಲಿನಲ್ಲಿ, ಯಾರಿಗೂ ಬೇಡವಾಗಿ, ಅಷ್ಟು ಉಪ್ಪು.

ಊಟ ಸರಿಯಾಗಿ ಮಾಡು.

ತಮ್ಮ


ಮಾರ್ಚ್ 15

ತಮ್ಮಾ,

ಇವತ್ತು ಬಂದ ಖಾಲಿಗಳಿಗೆ ಬ್ರೇಕಿನ ಪೈಪುಗಳಿರಲಿಲ್ಲ. ಯಾರೋ ಬಿಚ್ಚಿಕೊಂಡಿದ್ದರು. ಇಂಜಿನ್ ಡ್ರೈವರನನ್ನು ಕೇಳಿದೆ, “ಇವನ್ನು ತುಂಬಿಸಿದ ಮೇಲೆ ಇಳಿಜಾರಿನಲ್ಲಿ ನಿಲ್ಲಿಸೋದು ಹೇಗಪ್ಪ?”

ಅವನು ಇಂಜಿನ್ನಿನಿಂದ ಕೆಳಗಿಳಿದು ಬಂದ. “ಇವನ್ನ ಇನ್ನು ಯಾರೂ ತುಂಬಿಸಲ್ಲ ಅಕ್ಕಾವ್ರೇ. ಗುಡ್ಡಕ್ಕೆ ಅಗಲ ಹಳಿ ಆಯ್ತಲ್ಲ. ಇವು ಇಲ್ಲೇ ನಿಂತು ತುಕ್ಕು ಹಿಡೀಲಿ ಅಂತ ಬಿಟ್ಟು ಹೋಗ್ತಿರೋದು. ಏಪ್ರಿಲ್ ಕಡೆಗೆ ನಮ್ಮ ಇಂಜಿನ್ನೂ ನಿಲ್ಲುತ್ತೆ. ನಿಮಗೆ ಹೇಳಿಲ್ವಾ?”

ಹೇಳಿದ್ದಾರೆ ಅಂದೆ.

ನಿನಗೆ ಯಾವತ್ತಿನಿಂದ ಗೊತ್ತು?


ಮಾರ್ಚ್ 19

ಅಕ್ಕಾ,

ಮೊದಲ ಖಾಲಿ ಕಳಿಸುವ ಮೊದಲಿನಿಂದ.

ಹಳೆಯ ವ್ಯಾಗನ್‌ಗಳನ್ನು ಎಲ್ಲಿ ನಿಲ್ಲಿಸುವುದು ಎಂದು ಮೇಲಿನವರು ಕೇಳಿದರು. ಬೋರ್ಡಿನಲ್ಲಿ ನಿನ್ನ ಸೈಡಿಂಗು ಎಲ್ಲಕ್ಕಿಂತ ಉದ್ದ, ಮಟ್ಟಸವಾಗಿಯೂ ಇದೆ. ಅದನ್ನು ತೋರಿಸಿದ ಬೆರಳು ನನ್ನದೇ. ಆಗ ನಾನು ಸೈಡಿಂಗನ್ನು ನೋಡುತ್ತಿದ್ದೆ, ನಿನ್ನನ್ನಲ್ಲ. ಆದೇಶ ಹೊರಬೀಳುವವರೆಗೆ ಯಾರಿಗೂ ಹೇಳಬಾರದೆಂದು ರುಜು ಹಾಕಿಸಿಕೊಂಡರು. ಅದೊಂದು ನೆಪ. ನಿನಗೆ ಮೇಜು ಕೇಳಿ ಬರೆದವನು ನಾನು. ಅಷ್ಟಾದರೆ ಸಾಕು, ಉಳಿದದ್ದನ್ನು ಅಷ್ಟು ಖಾಲಿಗಳನ್ನು ನೋಡಿದ ಕೂಡಲೇ ನೀನು ತಿಳಿದುಕೊಳ್ಳುತ್ತೀ ಎಂದುಕೊಂಡಿದ್ದೆ. ಚಿಕ್ಕಂದಿನಿಂದ ನನಗೆ ತಿಳಿಯದ್ದನ್ನು ನೀನು ಹೇಳಿದ್ದೇ ಹೆಚ್ಚು. ನಿನಗೆ ತಿಳಿಯದ್ದನ್ನು ನಾನು ಹೇಳಬೇಕಾಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಫೆಬ್ರವರಿಯ ಕಾಗದ ಬಂದ ಮೇಲೆ ಹೊಳೆಯಿತು. ಕಾಂಟ್ರಾಕ್ಟರ್ ಹೇಳಿದ ಗಡುವಿಗೆ ಇನ್ನೂ ದಿನಗಳಿದ್ದವು. ನಾನು ಬರೆಯಲಿಲ್ಲ.

ಕಾಂಟ್ರಾಕ್ಟರನನ್ನು ಹುಡುಕಿ ಕೇಳಿದೆ. ಬೇರೆ ತಂಡ ಬಂದು ಸೇರಿದೆಯಂತೆ.

ಮುಂದಿನ ವಾರ ಬಂದರಿನಿಂದ ಗಾಜಿನ ಹೊರೆ ಬರುತ್ತದೆ. ಗುಡ್ಡದ ಮೇಲಿನ ಊರಿಗೆ. ನಿನ್ನ ಷೆಡ್ಡಿನಲ್ಲೇ ಬದಲಾಯಿಸಬೇಕು. ತಂಡವನ್ನು ಸಿದ್ಧವಾಗಿಡು.

ತಮ್ಮ


ಏಪ್ರಿಲ್ 6

ತಮ್ಮಾ,

ತಂಡಕ್ಕೆ ಹೇಳಿದೆ. ಗೊತ್ತಾದ ದಿನವೇ ಅಲ್ಲ. ಮೂರು ದಿನ ಬಾಯಿಯ ತುದಿಯಲ್ಲಿ ಇಟ್ಟುಕೊಂಡು ಓಡಾಡಿದೆ. ನಿನ್ನ ಮೇಲಿನ ಸಿಟ್ಟು ಅಲ್ಲಿಗೆ ಅರ್ಧವಾಯಿತು.

ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನಾನು ನಿಂತೇ ಹೇಳಿದೆ. ಯಾರೂ ಲೋಟ ಕೆಳಗಿಡಲಿಲ್ಲ. ಏಣಿ ಕೇಳಿದ, “ಯಾವತ್ತು ಗೊತ್ತಾಯ್ತು?”

“ಮೂರು ದಿನ ಆಯ್ತು.”

“ಮೂರು ದಿನ ನಮ್ಮ ಜೊತೆ ಟೀ ಕುಡಿದ್ರಿ.”

ಮೇಸ್ತ್ರಿ ಅವನ ಮೊಣಕಾಲ ಮೇಲೆ ಕೈಯಿಟ್ಟರು. ಅವನು ಕೊಡವಿಕೊಂಡ. “ನನ್ನ ಮಗಳಿಗೆ ಏನು ಹೇಳ್ಲಿ ಮೇಸ್ತ್ರಿ? ಅಕ್ಕಾವ್ರಿಗೆ ಖಾಲಿ ಗಾಡಿ ತುಂಬಿದ ಹಾಗೆ ಕಂಡಿತ್ತು ಅಂತಾನಾ?” ಮೇಸ್ತ್ರಿ ನನ್ನ ಕಡೆ ನೋಡದೆ, “ಟೀ ಆರಿಹೋಗ್ತಿದೆ, ಕುಡೀರಿ” ಅಂದರು. ಅದು ನನಗೋ ಅವರಿಗೋ ತಿಳಿಯಲಿಲ್ಲ. ಅಂದಿನಿಂದ ಮೇಸ್ತ್ರಿ ನನ್ನನ್ನು ಮೊದಲಿನಂತೆ ಮಾತಾಡಿಸಿಲ್ಲ. ಕೆಲಸಕ್ಕೆ ಬೇಕಾದಷ್ಟು ಆಡುತ್ತಾರೆ, ನೀನು ಫೋನಿನಲ್ಲಿ ಆಡುವ ಹಾಗೆ.

ಗಾಜು ಬಂತು. ಆಳೆತ್ತರದ ಹಾಳೆಗಳು, ಮರದ ಚೌಕಟ್ಟಿನಲ್ಲಿ. ಇಬ್ಬಿಬ್ಬರು ಒಂದೊಂದನ್ನು ಹಿಡಿದು ಕಟ್ಟೆ ದಾಟಬೇಕು. ಮೋಡವಿದ್ದ ದಿನ, ಗಾಜಿನ ತುಂಬ ಅದರದೇ ಬಿಂಬ. ಹೊತ್ತವರ ತಲೆ, ಹೆಗಲು ಏನೂ ಕಾಣುತ್ತಿರಲಿಲ್ಲ. ಒಂದು ತುಂಡು ಆಕಾಶ, ಅದರ ಕೆಳಗೆ ನಾಲ್ಕು ಕಾಲು. ಹಿಂದೆ ಇನ್ನೊಂದು ತುಂಡು. ಮೋಡಗಳು ಎದೆಯೆತ್ತರದಲ್ಲಿ ನಿಧಾನ ಹೋಗುತ್ತಿದ್ದವು. ಒಂದು ಆಕಾಶದೊಳಗಿಂದ ಏಣಿಯ ದನಿ, “ಎಡಕ್ಕೆ, ಎಡಕ್ಕೆ, ನಿನ್ನ ಎಡ ಎಲ್ಲಿದೆಯೋ” ಎಂದಿತು. ಎಷ್ಟೋ ದಿನದ ಮೇಲೆ ಯಾರೋ ನಕ್ಕರು. ಒಂದು ಹಾಳೆಯೂ ಒಡೆಯಲಿಲ್ಲ. ನಾನು ಮೂಲೆಯಲ್ಲಿ ನಿಂತು, ಇದು ಮುಗಿಯದಿರಲಿ ಎಂದು ಬೇಡಿಕೊಂಡೆ.

ಆಮೇಲೆ ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿದೆ. ಅದು ಹೊರಟದ್ದು ಹೊಸ ಹಳಿಯ ಮೇಲೆ ನೇರವಾಗಿ ಹೋಗಲು. ಯಾರೂ ಮುಟ್ಟದೆ, ಮಲಗಿದಲ್ಲೇ ಮಲಗಿ, ಇಷ್ಟೊತ್ತಿಗೆ ಊರು ಸೇರಿರಬೇಕಿತ್ತು. ನೀನು ಅದನ್ನು ಸುತ್ತಿಸಿ ಇಲ್ಲಿಗೆ ಎಳೆದು ತಂದಿದ್ದೀ. ಮೇಸ್ತ್ರಿಯೂ ಪಕ್ಕದಲ್ಲಿ ನಿಂತು ಓದಿದರು. ಓದಿ ಕೈ ಒರೆಸಿಕೊಂಡು ಹೋದರು.

ಇನ್ನೊಂದು ಸಲ ಹೀಗೆ ಮಾಡಬೇಡ. ಆಡುವ ಮಕ್ಕಳಿಗೆ ಖಾಲಿ ಪಾತ್ರೆ ಕೊಟ್ಟು ಕೂರಿಸಿದ ಹಾಗಾಗುತ್ತದೆ. ಇವರು ಅದಕ್ಕಿಂತ ದೊಡ್ಡವರು.

ನಿನ್ನೆ ಏಣಿಯೂ ಮತ್ತೆ ನಾಲ್ವರೂ ಡಿಪೋದಲ್ಲಿ ದಿನಗೂಲಿ ಕೇಳಲು ಹೋದರು. ಹೇಳಿ ಹೋಗಲಿಲ್ಲ.

ಅಕ್ಕ


ಮೇ 20

ಅಕ್ಕಾ,

ಸಣ್ಣ ಹಳಿ ನಿಂತ ಮೇಲೆ ಕಾಗದ ತರುವವರಿಲ್ಲ. ಇದನ್ನು ನಿಮ್ಮ ಕಡೆ ಸಿಮೆಂಟು ಒಯ್ಯುವ ಲಾರಿಯವನ ಕೈಯಲ್ಲಿ ಕೊಡುತ್ತಿದ್ದೇನೆ.

ಗಾಜಿನ ವಿಷಯ ಮೇಲಿನವರಿಗೆ ತಿಳಿಯಿತು. ನನ್ನ ಕುರ್ಚಿ ಹೋಯಿತು. ಕೂಗಾಡಲಿಲ್ಲ, ಬಹಳ ಮರ್ಯಾದೆಯಿಂದಲೇ ತೆಗೆದರು. ಈಗ ಡಿಪೋದ ಗೇಟಿನಲ್ಲಿದ್ದೇನೆ. ಬರುವ ಲಾರಿಯ ನಂಬರು ನೋಡಿ ಅಡ್ಡಪಟ್ಟಿ ಎತ್ತುವುದು, ಇಳಿಸುವುದು. ಇಲ್ಲಿ ಆಕಾಶ ತುಂಬ ಇದೆ. ಮೊದಲ ವಾರ ಕಣ್ಣು ನೋಯುತ್ತಿತ್ತು.

ಮೊದಲ ದಿನವೇ ಒಬ್ಬ ಉದ್ದನೆಯವನು ಗೇಟಿನಲ್ಲಿ ಬಗ್ಗಿ ಬಂದ, ಬಗ್ಗುವ ಅಗತ್ಯವಿಲ್ಲದಿದ್ದರೂ. ಏಣಿ ಎಂದು ನೋಡಿದ ಕೂಡಲೇ ತಿಳಿಯಿತು. ನಾನು ಯಾರೆಂದು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓಹೋ, ಸರ್ ಅಂದ್ರೆ ನೀವೇನಾ, ದನಿ ಕೇಳಿ ಇನ್ನೂ ದಪ್ಪ ಅಂದ್ಕೊಂಡಿದ್ದೆ” ಅಂದು ಒಳಗೆ ಹೋದ.

ಈಗ ತಂಡದ ಎಲ್ಲರೂ ಇಲ್ಲೇ ದಿನಗೂಲಿಗೆ ಬರುತ್ತಿದ್ದಾರೆ. ಕರೆದ ದಿನ ಕೆಲಸ, ಕರೆಯದ ದಿನ ಗೇಟಿನ ಹೊರಗೆ ನೆರಳು. ಮೇಸ್ತ್ರಿ ಬಹಳ ದಿನ ನನ್ನ ಮುಂದೆ ಸುಮ್ಮನೆ ಹಾದುಹೋದರು. ಮೊನ್ನೆ ಕೆಲಸ ಸಿಗದೆ ಹೊರಗೆ ಕೂತಿದ್ದರು, ನಾನು ನೀರು ಕೊಟ್ಟೆ. ಕುಡಿದು ಹೇಳಿದರು: “ಇಲ್ಲಿ ಬೆನ್ನು ನೋಯಲ್ಲ, ನಿದ್ದೇನೂ ಬರಲ್ಲ. ಡಬ್ಬೀಲಿ ಏನಿದೆ ಅಂತ ಕ್ರೇನಿನವನಿಗೂ ಗೊತ್ತಿಲ್ಲ.”

ಅವರು ಹೇಳಿದ ವಿಷಯ ಇದು. ಡಿಪೋದ ಹಿಂದೆ ಒಂದು ಷೆಡ್ಡು ಕಟ್ಟಿದ್ದಾರೆ. ಒಂದು ಡಬ್ಬಿ ತುಂಬುವಷ್ಟು ಸರಕಿಲ್ಲದ ಸಣ್ಣ ಊರುಗಳವರು ಅಲ್ಲಿಗೆ ತಂದು ಹಾಕುತ್ತಾರೆ. ಹತ್ತು ಜನರದ್ದನ್ನು ಸೇರಿಸಿ ಕೈಯಿಂದಲೇ ಒಂದು ಡಬ್ಬಿ ತುಂಬಬೇಕು. ಮೊದಲು ಬಂದ ತಂಡ ಗಾಜಿನ ಮೇಲೆ ಕಬ್ಬಿಣ ಹೇರಿ ಒಡೆದು, ಕೆಲಸ ಬಿಟ್ಟುಹೋಗಿದೆ. ಕಾಂಟ್ರಾಕ್ಟರ್ ಆ ಷೆಡ್ಡನ್ನು ನಮ್ಮ ತಂಡಕ್ಕೆ ಕೊಡಲು ತಯಾರು. ಆದರೆ ಒಡೆದದ್ದಕ್ಕೆ, ಕಳೆದದ್ದಕ್ಕೆ ಜವಾಬ್ದಾರಿ ಹೊತ್ತು ರುಜು ಹಾಕುವ ಒಬ್ಬರು ಮೇಲ್ವಿಚಾರಕರು ತಂಡದವರೇ ಆಗಿ ಇರಬೇಕಂತೆ. ಮೇಸ್ತ್ರಿ ನಿನ್ನ ಹೆಸರು ಹೇಳಿದ್ದಾರೆ.

ಏಣಿ ಅಲ್ಲೇ ಇದ್ದ. “ಅವರು ಹೇಳಿಯೇ ಅಲ್ವಾ ಹಾಳಾಗಿದ್ದು?” ಅಂದ.

ಮೇಸ್ತ್ರಿ ಲೋಟ ತೊಳೆದು ನನ್ನ ಕೈಗೆ ಕೊಡುತ್ತ ಅಂದರು, “ಹೌದು, ತಪ್ಪು ಹೇಳಿದ್ದು ಅವರೇ. ಹಾಗಂತ ಬೇರೆ ಯಾರ ಮಾತು ಕೇಳೋಣ, ಇವರದ್ದಾ?”

ನನ್ನನ್ನೇ ತೋರಿಸಿ ಅಂದದ್ದು. ಏಣಿಗೆ ನಗು ತಡೆಯಲಾಗಲಿಲ್ಲ.

ಮೇಜಿಗೆ ಒಪ್ಪಬೇಕಾದ ಗಡುವು ಹತ್ತಿರವಾಗಿದೆ. ಅದು ನಿವೃತ್ತಿಯವರೆಗಿನ ನೆಲೆ. ಈ ಷೆಡ್ಡಿಗೆ ಬಂದರೆ ಅದು ಹೋಗುತ್ತದೆ. ಏನು ಮಾಡೆಂದು ನಾನು ಹೇಳುವುದಿಲ್ಲ.

ತಮ್ಮ


ಜೂನ್ 2

ತಮ್ಮಾ,

ನಿನ್ನ ಕಾಗದ ಬಂದು ಕೆಲವು ದಿನವಾಯಿತು. ನಿನ್ನ ಲಾರಿಯವನು ಇವತ್ತು ಮತ್ತೆ ಬಂದಿದ್ದಾನೆ, ಅವನು ವಾಪಸು ಹೊರಡುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಷೆಡ್ಡಿನಲ್ಲಿ ಈಗ ನಾನೊಬ್ಬಳೇ. ಎರಡೂ ಹಳಿಗಳ ನಡುವೆ ಕಟ್ಟೆ ಸುಮ್ಮನೆ ಬಿದ್ದಿದೆ. ಹಗಲು ಹೊತ್ತಿನಲ್ಲಿ ಒಂದೊಂದು ಸಲ ಯಾರೋ ಭಾರ ಇಳಿಸಿ ಉಸ್ಸೆಂದ ಹಾಗೆ ಕೇಳುತ್ತದೆ. ಹೋಗಿ ನೋಡಿದರೆ ತಗಡು ಬಿಸಿಲಿಗೆ ಹಿಗ್ಗಿದ ಸದ್ದು. ಮೊದಮೊದಲು ಹೋಗಿ ನೋಡುತ್ತಿದ್ದೆ, ಈಗ ಕೂತಲ್ಲೇ ಕೇಳಿಸಿಕೊಳ್ಳುತ್ತೇನೆ.

ಮೇಜು ಬೇಡವೆಂದು ಮುಖ್ಯ ಕಚೇರಿಗೆ ಬರೆದು ಹಾಕಿದ್ದೇನೆ. ನೀನು ಬೇಜಾರು ಮಾಡಿಕೊಳ್ಳಬೇಡ. ಅದನ್ನು ಕೇಳಿ ಬರೆದಾಗ ನಿನ್ನ ಮನಸ್ಸಿನಲ್ಲಿ ಏನಿತ್ತೆಂದು ಈಗ ತಿಳಿಯುತ್ತದೆ. ಆ ಮೇಜಿನ ಮುಂದೆ ಕೂತರೆ ನಾನು ದಿನವೂ ಅದೇ ಸೈಡಿಂಗಿನಲ್ಲಿ ಮೇಸ್ತ್ರಿಯ ಜೊತೆ ನಡೆಯುತ್ತಿರುತ್ತೇನೆ. ಸಾಲು ಮುಗಿಯುವುದಿಲ್ಲ.

ಕಾಂಟ್ರಾಕ್ಟರನ ಜೊತೆ ಸಿಮೆಂಟ್ ಅಂಗಡಿಯ ಫೋನಿನಲ್ಲಿ ಮಾತಾಡಿದೆ. ಬಿಳಿ ಶೂನವನು ಫೋನಿನಲ್ಲಿ ಒಳ್ಳೆಯವನು. ಎಲ್ಲವನ್ನೂ ಎರಡೆರಡು ಸಲ ಕೇಳಿದೆ. ಅವನು ನಿಮಗೆ ಹೇಳದೆ ಬಿಟ್ಟದ್ದೂ ಇದೆ. ಷೆಡ್ಡು ನಮಗೆ ಒಂದು ವರ್ಷಕ್ಕೆ ಮಾತ್ರ. ಅಷ್ಟರೊಳಗೆ ಡಬ್ಬಿ ತುಂಬುವ ಯಂತ್ರ ತರಿಸುವ ಯೋಚನೆ ಅವನಿಗಿದೆ. ಬರಬಹುದು, ಬಾರದೆಯೂ ಇರಬಹುದು. ಮೊದಲ ಮೂರು ತಿಂಗಳು ದಿನಗೂಲಿಗಿಂತ ಕಡಿಮೆಯೇ ಸಿಗುತ್ತದೆ. ವರ್ಷದ ಆಚೆಯದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಸಿಮೆಂಟಿನ ಲಾರಿಯಲ್ಲಿ ಬರುತ್ತೇನೆ. ಈ ಕಾಗದ ಇವತ್ತೇ ನಿನ್ನ ಕೈ ಸೇರುತ್ತದೆ. ತಂಡದವರು ಗೇಟಿಗೆ ಬರುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಮೇಲೆ ಬರೆದದ್ದನ್ನು ಹೇಳು. ಓದಿ ತೋರಿಸಬೇಡ, ನಿನ್ನ ಬಾಯಿಂದಲೇ ಹೇಳು, ಒಂದನ್ನೂ ನುಂಗಬೇಡ. ಏಣಿ ಏನಾದರೂ ಅಂದರೆ ಅನ್ನಿಸಿಕೋ. ಮೂರು ತಿಂಗಳು ಕಡಿಮೆ ಸಿಗುವುದನ್ನು ಅವನಿಗೆ ಎರಡನೇ ಸಲ ಹೇಳು, ಅವನ ಮನೆಯಲ್ಲಿ ಮಗುವಿದೆ. ಇಷ್ಟು ಕೇಳಿದ ಮೇಲೂ ನಾನು ಬೇಕು ಎಂದು ಅವರು ಅಂದರೆ ಅಡ್ಡಪಟ್ಟಿ ಎತ್ತು.

ನೀನು ಹೇಳಿ ಮುಗಿಸುವವರೆಗೆ ನಾನು ಗೇಟಿನ ಹೊರಗೆ, ಲಾರಿಯಲ್ಲೇ ಕೂತಿರುತ್ತೇನೆ.

ಅಕ್ಕ